ಒಂದೇ ಕಿಕ್ಕಿಗೆ: ಮೈಸೂರಿನ ಜಾವಾ, ಚೆಂಬೂರಿನ ಬಾಬಿ

ಹಳೆಯ ಜಾವಾ ಅಥವಾ ಯೆಜ್ಡಿ ಬೈಕಿನ ಎಡಬದಿಯಲ್ಲಿ ಒಂದೇ ಒಂದು ಲಿವರ್ ಇರುತ್ತದೆ. ಕಾಲಿನಿಂದ ಮೇಲೆ ಕೆಳಗೆ ಒತ್ತಿದರೆ ಅದು ಗೇರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಬೇರೆ ಬೈಕುಗಳಲ್ಲಿ ಸಾಮಾನ್ಯವಾಗಿ ಕಾಣದ ಈ ಏರ್ಪಾಡು ಗೊತ್ತಿಲ್ಲದವರಿಗೆ ಗಾಡಿ ಕೊಟ್ಟು 'ಸ್ಟಾರ್ಟ್ ಮಾಡಿ ನೋಡೋಣ' ಎಂದು ನಗುವುದು ನಮ್ಮೂರ ಕಡೆಯ ಹಳೇ ಆಟ. ಅವರು ಬಲಗಡೆ ಹೋಗಿ ಕಿಕ್ಕರ್ ಹುಡುಕುತ್ತಾರೆ, ಸಿಗುವುದಿಲ್ಲ.

ಆದರೆ ಲಿವರ್ ಸಿಕ್ಕಿದ ಮಾತ್ರಕ್ಕೆ ಗಾಡಿ ಸ್ಟಾರ್ಟ್ ಆಗುತ್ತದೆ ಎಂದೇನಿಲ್ಲ. ನಲವತ್ತು ವರ್ಷ ಹಳೆಯ ಟೂ ಸ್ಟ್ರೋಕ್ ಬೈಕು ಇಟ್ಟುಕೊಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದನ್ನು ಸುಲಭವಾಗಿ ಸ್ಟಾರ್ಟ್ ಮಾಡುವುದು ಹೇಗೆ? ನಮ್ಮ ದೊಡ್ಡಪ್ಪನ ರೋಡ್‌ಕಿಂಗ್ ಮೈಸೂರಿನಿಂದ ರೈಲಿನ ಪಾರ್ಸೆಲ್‌ನಲ್ಲಿ ಬಂದು ಚೆಂಬೂರಿನ ನಮ್ಮ ಕಟ್ಟಡದ ಕೆಳಗೆ ನಿಂತ ಮೇಲೆ ನಾನೂ ಇದೇ ಪ್ರಶ್ನೆ ಹಿಡಿದು ಹೊರಟೆ. ಉತ್ತರ ಹುಡುಕುತ್ತ ಹೋದಂತೆ ಅದು ಬರೀ ಮೆಕ್ಯಾನಿಕ್ಕಿನ ವಿಷಯವಲ್ಲ, ಇತಿಹಾಸದ ವಿಷಯ ಎಂಬುದು ತಿಳಿಯಿತು. ಕಿಕ್ಕಿಗೆ ಬೇಕಾದ ಶ್ರಮವನ್ನು ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕಡಿಮೆ ಮಾಡಿದ್ದಾರೆ. ಆ ಸರಪಳಿಯಲ್ಲಿ ಪ್ರಾಗ್ ಇದೆ, ಮುಂಬಯಿ ಇದೆ, ಮೈಸೂರು ಇದೆ, ಬೆಂಗಳೂರೂ ಇದೆ.

ಪ್ರಾಗ್‌ನಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕ ಇದ್ದ. ಮೊದಲ ಮಹಾಯುದ್ಧ ಮುಗಿದು ಶಸ್ತ್ರಗಳಿಗೆ ಬೇಡಿಕೆ ಇಳಿದಾಗ ಬೇರೆ ಉದ್ಯಮ ಹುಡುಕಿದ. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಸುವ ಹಕ್ಕು ಕೊಂಡ. ತನ್ನ ಹೆಸರಿನ ಮೊದಲ ಎರಡಕ್ಷರ, ವಾಂಡರರ್‌ನ ಮೊದಲ ಎರಡಕ್ಷರ ಸೇರಿಸಿ ಜಾವಾ ಎಂದು ಹೆಸರಿಟ್ಟ. ಇಂಡೋನೇಷ್ಯಾದ ದ್ವೀಪಕ್ಕೂ ಈ ಬೈಕಿಗೂ ಸಂಬಂಧವಿಲ್ಲ. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಹಿಡಿತದಲ್ಲಿದ್ದಾಗಲೇ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಒಂದು 250 ಸಿಸಿ ಟೂ ಸ್ಟ್ರೋಕ್ ಬೈಕಿನ ವಿನ್ಯಾಸ ಮಾಡಿದರು. 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಹೊರಬಂತು. ಕ್ಲಚ್ ಹಿಡಿಯದೆಯೇ ಗೇರ್ ಬದಲಿಸುವ ಅನುಕೂಲ ಅದರಲ್ಲಿತ್ತು. ಗೇರ್ ಲಿವರ್ ಅಲುಗಿದ ಕೂಡಲೇ ಕ್ಲಚ್ ತಾನೇ ಬಿಡುತ್ತಿತ್ತು. ಮುಂದೆ ನಮ್ಮಲ್ಲಿಗೆ ಬಂದ ಜಾವಾಗಳಲ್ಲೂ ಈ ಗುಣ ಉಳಿಯಿತು.

ಮುಂಬಯಿಯ ರುಸ್ತುಂ ಇರಾನಿ ಈ ಜಾವಾಗಳನ್ನು ತರಿಸಿ ಮಾರುತ್ತಿದ್ದರು. 1950ರ ದಶಕದಲ್ಲಿ ವಿದೇಶಿ ವಿನಿಮಯದ ಕೊರತೆಯಿಂದ ಸರ್ಕಾರ ಆಮದನ್ನು ಬಿಗಿಗೊಳಿಸಿತು. ಮಾರಬೇಕಾದರೆ ಇಲ್ಲೇ ತಯಾರಿಸಬೇಕು ಎಂಬ ಸ್ಥಿತಿ ಬಂತು. ಆಗ ಹುಟ್ಟಿದ್ದು ಮೈಸೂರಿನ ಐಡಿಯಲ್ ಜಾವಾ. ಕಂಪನಿ ಸ್ಥಾಪನೆಯಾದದ್ದು 1960ರಲ್ಲಿ. ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಫಾರೂಖ್ ಇರಾನಿ ಮೈಸೂರಿನಲ್ಲಿ ನಿಂತು ಕಾರ್ಖಾನೆ ನಡೆಸಿದರು. ಮುಂಬಯಿಯ ಪಾರ್ಸಿ ಇರಾನಿಗಳ ಬಂಡವಾಳ, ಜೆಕ್ ತಂತ್ರಜ್ಞಾನ, ಮೈಸೂರು ಹುಡುಗರ ದುಡಿಮೆ. ನಾವು ಊರು ಬಿಟ್ಟು ಮುಂಬಯಿಗೆ ಬಂದವರು. ಅದಕ್ಕೂ ಮೊದಲೇ ಮುಂಬಯಿ ನಮ್ಮ ಊರಿಗೆ ಹೋಗಿ ಕಾರ್ಖಾನೆ ಕಟ್ಟಿತ್ತು. ವಲಸೆಯ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಜಾವಾ ಹೆಸರಿನ ಒಪ್ಪಂದದ ಕಾಲ ಮುಗಿದಾಗ 1973ರಿಂದ ಬೈಕುಗಳು ಯೆಜ್ಡಿ ಹೆಸರಿನಲ್ಲಿ ಹೊರಬಂದವು. ಇರಾನಿಗಳ ಮೂಲ ನೆಲೆ ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ. 1978ರಲ್ಲಿ ರೋಡ್‌ಕಿಂಗ್ ಬಂತು.

ಈ ಎಂಜಿನ್ನಿನ ಒಳಗನ್ನು ಸ್ವಲ್ಪ ನೋಡೋಣ. 65 ಮಿಲಿಮೀಟರ್ ಅಗಲದ ಸಿಲಿಂಡರು, 75 ಮಿಲಿಮೀಟರ್ ಚಲಿಸುವ ಪಿಸ್ಟನ್ನು. ಕವಾಟಗಳಿಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆದು ಗಾಳಿ ಬೆಳಕು ನೋಡಿಕೊಳ್ಳುತ್ತದೆ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್ ಕೋಣೆಗೆ ಕಾರ್ಬೊರೇಟರಿನಿಂದ ಪೆಟ್ರೋಲು, ಆಯಿಲು, ಗಾಳಿಯ ಮಿಶ್ರಣ ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಆ ಮಿಶ್ರಣವನ್ನು ಒತ್ತಿ ಮೇಲಿನ ಕೋಣೆಗೆ ಕಳಿಸುತ್ತದೆ. ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಪಂಪುಗಳಿವೆ, ಒಂದು ಪಿಸ್ಟನ್ನಿನ ಮೇಲೆ, ಇನ್ನೊಂದು ಕೆಳಗೆ. ಸ್ಟಾರ್ಟ್ ಆಗದ ಗಾಡಿಯ ಮುಂದೆ ನಿಂತವರು ಸಾಮಾನ್ಯವಾಗಿ ಮೇಲಿನ ಪಂಪನ್ನು ಮಾತ್ರ ಯೋಚಿಸುತ್ತಾರೆ.

ಬುಲೆಟ್ ಓಡಿಸಿದವರಿಗೆ ಕಿಕ್ ಎಂದರೆ ಬೇರೆಯೇ ಕಥೆ. ಹಳೆಯ 350 ಬುಲೆಟ್ಟಿನಲ್ಲಿ ಡಿಕಂಪ್ರೆಸರ್ ಹಿಡಿದು, ಆಮ್‌ಮೀಟರಿನ ಮುಳ್ಳು ನಡುವಿಗೆ ಬರುವಂತೆ ಪಿಸ್ಟನ್ನನ್ನು ಸರಿಯಾದ ಜಾಗಕ್ಕೆ ತಂದು, ಆಮೇಲೆ ಒದೆಯಬೇಕು. ತಪ್ಪಿದರೆ ಕಿಕ್ಕರ್ ಹಿಂದಕ್ಕೆ ಹೊಡೆದು ಕಣಕಾಲಿಗೆ ಏಟು. ಜಾವಾಕ್ಕೆ ಅದು ಬೇಕಿಲ್ಲ. ಪಿಸ್ಟನ್ ಸಾಕಷ್ಟು ಮೇಲೇರುವವರೆಗೂ ಹೊಗೆ ಹೋಗುವ ಕಿಂಡಿ ತೆರೆದೇ ಇರುತ್ತದೆ. ಹಾಗಾಗಿ ನಿಜವಾದ ಒತ್ತಡ ಶುರುವಾಗುವುದು ತಡವಾಗಿ. ಕಾಲಿಗೆ ಭಾರ ಕಡಿಮೆ. ಜಾವಾ ಸ್ಟಾರ್ಟ್ ಆಗದಿದ್ದರೆ ಕಾರಣ ಕಾಲಿನ ಬಲದ ಕೊರತೆ ಅಲ್ಲವೇ ಅಲ್ಲ. ಆದರೂ ಜನ ಬೆವರು ಸುರಿಸಿ ಒದೆಯುತ್ತಲೇ ಇರುತ್ತಾರೆ. ಪ್ರತಿ ಒದೆತಕ್ಕೂ ಇನ್ನಷ್ಟು ಪೆಟ್ರೋಲು ಒಳಗೆ ಹೋಗಿ ಪ್ಲಗ್ ಒದ್ದೆಯಾಗುತ್ತದೆ, ಗಾಡಿ 'ಓವರ್' ಆಗುತ್ತದೆ.

ಚೆಂಬೂರು ಸ್ಟೇಷನ್ನಿನ ಹತ್ತಿರ ಗ್ಯಾರೇಜು ಇಟ್ಟಿರುವ, ಕುಂದಾಪುರದ ಕಡೆಯ ಮೆಕ್ಯಾನಿಕ್ ಒಬ್ಬರು ನನಗೆ ಹೇಳಿದ್ದೂ ಅಷ್ಟೇ: "ಸರ್, ಮೊದಲು ಪ್ಲಗ್ ಬಿಚ್ಚಿ ನೋಡಿ. ಆಮೇಲೆ ಒದೆಯಿರಿ." ಒದ್ದೆ ಇದ್ದರೆ ಪೆಟ್ರೋಲು ಬಂದಿದೆ, ಕಿಡಿ ಇಲ್ಲ. ಒಣಗಿದ್ದರೆ ಕಿಡಿ ಇರಬಹುದು, ಪೆಟ್ರೋಲು ಬಂದಿಲ್ಲ. ಅರ್ಧ ರೋಗ ಅಲ್ಲೇ ಪತ್ತೆ.

ಕಿಡಿಯ ಕಥೆಯನ್ನು ಮೊದಲು ಹೇಳುತ್ತೇನೆ. ಹಳೆಯ ಜಾವಾ, ಯೆಜ್ಡಿಗಳಲ್ಲಿ ಇದ್ದದ್ದು 6 ವೋಲ್ಟಿನ ಬ್ಯಾಟರಿ, ಡೈನಮೊ, ಪಾಯಿಂಟ್, ಕಂಡೆನ್ಸರ್. ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ. ಪಾಯಿಂಟಿನ ಅಂತರ 0.4 ಮಿಲಿಮೀಟರ್ ಇರಬೇಕು, ಪ್ಲಗ್ಗಿನದು 0.6ರ ಆಸುಪಾಸು. ಪಾಯಿಂಟಿನ ಮುಖ ಸುಟ್ಟು ಗುಳಿ ಬಿದ್ದರೆ, ಕಂಡೆನ್ಸರ್ ಹೋದರೆ, ನಲವತ್ತು ವರ್ಷದ ವೈರಿನ ಜೋಡಣೆಗಳಲ್ಲಿ ತುಕ್ಕು ಕೂತರೆ 6 ವೋಲ್ಟಿನಲ್ಲಿ ದಾರಿಯಲ್ಲೇ ಕಳೆದುಹೋಗುವ ಪಾಲು ದೊಡ್ಡದು. ಅರ್ಧ ವೋಲ್ಟ್ ಕಳೆದುಕೊಂಡರೆ 12 ವೋಲ್ಟಿನ ಗಾಡಿಗೆ ಅದು ಲೆಕ್ಕಕ್ಕಿಲ್ಲ, 6 ವೋಲ್ಟಿನ ಗಾಡಿಗೆ ಹನ್ನೆರಡರಲ್ಲಿ ಒಂದು ಪಾಲು ಹೋದಂತೆ. ಮುಂಬಯಿಯ ಸಮುದ್ರದ ಗಾಳಿಯಲ್ಲಿ ಈ ತುಕ್ಕು ಮೈಸೂರಿಗಿಂತ ಬೇಗ ಬರುತ್ತದೆ. ಹೊಸ ಅರ್ತ್ ವೈರ್ ಹಾಕಿ, ಜೋಡಣೆಗಳನ್ನು ಉಪ್ಪುಕಾಗದದಿಂದ ಉಜ್ಜಿದರೆ ಎಷ್ಟೋ ಗಾಡಿಗಳ ಹಟ ಇಳಿಯುತ್ತದೆ.

ಪ್ಲಗ್ಗಿನ ಮಾತು ಬಂದಾಗ ಬೆಂಗಳೂರನ್ನು ಮರೆಯಬಾರದು. 1951ರಲ್ಲಿ ಅಲ್ಲಿ ಶುರುವಾದ ಮೈಕೊ, ಜರ್ಮನಿಯ ಬಾಷ್ ಕಂಪನಿಯ ಸಹಯೋಗದಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸಿತು. ದೇಶದ ಎಷ್ಟೋ ಗ್ಯಾರೇಜುಗಳಲ್ಲಿ ಪ್ಲಗ್ ಎಂದರೆ ಮೈಕೊ. 2008ರಲ್ಲಿ ಅದರ ಹೆಸರೇ ಬಾಷ್ ಆಯಿತು. ಆದರೆ ನಮ್ಮ ತಲೆಮಾರಿನ ಬೆಂಗಳೂರಿಗರು ಆ ಬಸ್ ಸ್ಟಾಪನ್ನು ಇನ್ನೂ ಮೈಕೊ ಎಂದೇ ಕರೆಯುತ್ತಾರೆ.

ಇನ್ನು ಪೆಟ್ರೋಲು. ಕಾರ್ಬೊರೇಟರಿನ ಮೇಲೆ ಒಂದು ಚಿಕ್ಕ ಗುಂಡಿ ಇರುತ್ತದೆ, ಒತ್ತಿ ಹಿಡಿದರೆ ಫ್ಲೋಟ್ ಕೆಳಗಿಳಿದು ಪೆಟ್ರೋಲು ಉಕ್ಕುತ್ತದೆ. ತಣ್ಣಗಿನ ಎಂಜಿನ್ನಿಗೆ ಗಟ್ಟಿ ಮಿಶ್ರಣ ಕೊಡುವ ಹಳೆಯ ಉಪಾಯ ಅದು. ಟ್ಯಾಪು ತೆರೆದು, ಗುಂಡಿ ಒತ್ತಿ, ಕೀ ಹಾಕದೆ ಎರಡು ಸಲ ನಿಧಾನವಾಗಿ ಕಿಕ್ಕರ್ ತುಳಿದು, ಆಮೇಲೆ ಕೀ ತಿರುಗಿಸಿ ಒಂದು ಗಟ್ಟಿ ಒದೆತ. ದೊಡ್ಡಪ್ಪ ಇದನ್ನು ಮಾಡುತ್ತಿದ್ದದ್ದು ಪೂಜೆಯ ಕ್ರಮದ ಹಾಗೆ, ಒಂದೂ ಹಂತ ಬಿಡದೆ. ಆಗ ನಮಗೆ ಅದು ಮುದುಕರ ಶಾಸ್ತ್ರವಾಗಿ ಕಾಣುತ್ತಿತ್ತು. ಕೀ ಹಾಕದ ಆ ಎರಡು ತುಳಿತಗಳಿಂದ ಕೆಳಗಿನ ಕೋಣೆ ಮಿಶ್ರಣದಿಂದ ತುಂಬುತ್ತದೆ ಎಂಬುದು ಎಂಜಿನ್ನಿನ ಚಿತ್ರ ಬಿಡಿಸಿ ನೋಡಿದಾಗಲೇ ಅರ್ಥವಾಗುವುದು.

ಮೂರನೆಯದು ಯಾರ ಕಣ್ಣಿಗೂ ಬೀಳದ ರೋಗ: ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು. ಕೆಳಗಿನ ಪಂಪು ಕೆಲಸ ಮಾಡಬೇಕಾದರೆ ಆ ಕೋಣೆಗೆ ಗಾಳಿ ಸೋರಬಾರದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ರಬ್ಬರು ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಒದ್ದರೂ ಕೋಣೆ ಪೆಟ್ರೋಲನ್ನು ಎಳೆಯುವುದಿಲ್ಲ, ಗಾಳಿಯನ್ನು ಎಳೆಯುತ್ತದೆ. ಕ್ಲಚ್ ಬದಿಯ ಸೀಲು ಹೋದರೆ ಗೇರ್ ಆಯಿಲೇ ಒಳಗೆ ಹೋಗಿ ಬಿಳಿ ಹೊಗೆ ಕಾಣುತ್ತದೆ. ಎರಡು ಸೀಲುಗಳು ಪ್ಲಗ್ಗಿನಷ್ಟೇ ಅಗ್ಗ. ಬದಲಿಸಲು ಮಾತ್ರ ಎಂಜಿನ್ನಿನ ಎರಡೂ ಬದಿ ಬಿಚ್ಚಬೇಕು. ಅದಕ್ಕಾಗಿ ಎಲ್ಲರೂ ಕೊನೆಗೆ ಅಲ್ಲಿಗೆ ಬರುತ್ತಾರೆ. ದಿನಾ ಓಡುತ್ತಿದ್ದ ಕಾಲದಲ್ಲಿ ಅರ್ಧ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿದ್ದ ಗಾಡಿ ಈಗ ಮೊಂಡಾಗಿರುವುದಕ್ಕೆ ವಯಸ್ಸಿಗಿಂತ ನಿಂತಿದ್ದೇ ದೊಡ್ಡ ಕಾರಣ.

ಇವುಗಳ ಜೊತೆಗೆ ಸೈಲೆನ್ಸರು. ಲೀಟರಿಗೆ 40-50 ಮಿಲಿ ಆಯಿಲು ಬೆರೆಸಿ ಸುಡುತ್ತಿದ್ದ ಕಾಲದಲ್ಲಿ ಒಳಗಿನ ಕೊಳವೆಯಲ್ಲಿ ಮಸಿ ಕಟ್ಟಿಕೊಂಡು ಹೊಗೆ ಹೊರಹೋಗಲು ದಾರಿ ಇರುತ್ತಿರಲಿಲ್ಲ. ಆಗ ಅದನ್ನು ಬಿಚ್ಚಿ ಬೆಂಕಿಯಲ್ಲಿ ಸುಟ್ಟು ಬಡಿದು ಉದುರಿಸುತ್ತಿದ್ದರು. ಹಿತ್ತಲಿನಲ್ಲಿ ನೀರೊಲೆ ಇದ್ದ ಮನೆಗಳಿಗೆ ಅದು ಸುಲಭ. ಏಳನೇ ಮಹಡಿಯಲ್ಲಿ ಇರುವವರು ಆ ಕೆಲಸ ಎಲ್ಲಿ ಮಾಡುವುದು?

ಇದೇ ಎಂಜಿನ್ನಿನ ಬಂಧುಗಳು ಕೆಸರಿನಲ್ಲಿ ಓಡಿದ ಕಥೆಯೂ ಇದೆ. ಜಾವಾದ ಜೊತೆಗಾರ ಕಂಪನಿ ಚೆಜೆಟ್‌ನ ಟೂ ಸ್ಟ್ರೋಕ್ ಡರ್ಟ್ ಬೈಕುಗಳು 1960ರ ದಶಕದ ಮೋಟೊಕ್ರಾಸ್ ಜಗತ್ತನ್ನೇ ಬದಲಿಸಿದವು. ಬೆಲ್ಜಿಯಂನ ಜೋಯೆಲ್ ರೊಬೇರ್ 1964ರಲ್ಲಿ ಚೆಜೆಟ್ ಏರಿ 250 ಸಿಸಿ ವಿಶ್ವ ಚಾಂಪಿಯನ್ ಆದ. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ 1968ರವರೆಗೆ ಸತತ ಮೂರು ಸಲ 500 ಸಿಸಿ ಕಿರೀಟ ಗೆದ್ದ. ಆರು ದಿನಗಳ ಅಂತರರಾಷ್ಟ್ರೀಯ ಟ್ರಯಲ್‌ನಲ್ಲಿ 1970ರಿಂದ 1974ರವರೆಗೆ ಪ್ರತಿ ವರ್ಷ ಗೆದ್ದ ಜೆಕೊಸ್ಲೊವಾಕಿಯಾ ತಂಡ ಏರಿದ್ದು ಜಾವಾಗಳನ್ನೇ.

ರೇಸಿನ ನಡುವೆ, ಏರಿನಲ್ಲಿ, ಕೆಸರಿನಲ್ಲಿ ಬೈಕು ನಿಂತರೆ ಮತ್ತೆ ಸ್ಟಾರ್ಟ್ ಮಾಡುವುದು ಅಲ್ಲಿ ಸೋಲು ಗೆಲುವಿನ ಪ್ರಶ್ನೆ. ಹಾಗಾಗಿ ಕಿಕ್ಕನ್ನು ಸುಲಭ ಮಾಡುವ ಅನೇಕ ಉಪಾಯಗಳು ಹುಟ್ಟಿದ್ದು ಡರ್ಟ್ ಬೈಕುಗಳಲ್ಲಿ. ಹಳೆಯ ಬೈಕುಗಳಲ್ಲಿ ಮೊದಲು ನ್ಯೂಟ್ರಲ್ ಹುಡುಕಿ ಆಮೇಲೆ ಒದೆಯಬೇಕಿತ್ತು. ಕ್ಲಚ್ ಹಿಡಿದರೆ ಯಾವ ಗೇರಿನಲ್ಲಾದರೂ ಒದೆಯಬಹುದಾದ ಪ್ರೈಮರಿ ಕಿಕ್ ಅನ್ನು ಜಪಾನೀ ಬೈಕುಗಳು ಸಾಮಾನ್ಯ ಮಾಡಿದವು. ಬ್ಯಾಟರಿ, ಪಾಯಿಂಟು ಎರಡೂ ಬೇಡವಾದ, ಫ್ಲೈವೀಲಿನಿಂದಲೇ ವಿದ್ಯುತ್ ಪಡೆಯುವ ಸಿಡಿಐ ಬಂತು. ಒಳಗೆ ಬಂದ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ರೀಡ್ ವಾಲ್ವ್ ಬಂತು. ದೊಡ್ಡ ಎಂಜಿನ್ನುಗಳಲ್ಲಿ ಕೆಲವಕ್ಕೆ ಹೆಡ್ಡಿನಲ್ಲಿ ಒತ್ತಡ ಬಿಡುವ ಚಿಕ್ಕ ಕವಾಟ ಇಟ್ಟರು.

ಭಾರತಕ್ಕೆ ಈ ಸೌಕರ್ಯಗಳು ಒಟ್ಟಿಗೆ ಬಂದದ್ದು 1980ರ ದಶಕದಲ್ಲಿ. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಎಸ್ಕಾರ್ಟ್ಸ್‌ನಿಂದ ಯಮಹಾ ಆರ್‌ಎಕ್ಸ್ 100. ಆರ್‌ಎಕ್ಸ್ ಅನ್ನು ಕೈಯಿಂದಲೇ ಕಿಕ್ ಒತ್ತಿ ಸ್ಟಾರ್ಟ್ ಮಾಡಿ ತೋರಿಸುವ ಹುಡುಗರು ನಮ್ಮ ಕಾಲೇಜುಗಳಲ್ಲೆಲ್ಲ ಇದ್ದರು. ಅದೇ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿಗೆ ಸೆಲ್ಫ್ ಸ್ಟಾರ್ಟ್ ಇತ್ತು, ಗೇರ್ ಇರಲಿಲ್ಲ. ಸೀರೆ ಉಟ್ಟ ಹೆಂಗಸರು ಯಾರ ಸಹಾಯವೂ ಇಲ್ಲದೆ ಗುಂಡಿ ಒತ್ತಿ ಹೊರಟರು. ಕಿಕ್ಕಿನ ಇತಿಹಾಸದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ತಿರುವು ಇದು. ಗಾಡಿ ಯಾರದು ಎಂಬುದನ್ನು ಅಲ್ಲಿಯವರೆಗೆ ಕಾಲಿನ ಒದೆತ ನಿರ್ಧರಿಸುತ್ತಿತ್ತು.

ಚೆಂಬೂರಿಗೂ ಈ ಚರಿತ್ರೆಯಲ್ಲಿ ಒಂದು ಪಾಲಿದೆ. ರಾಜ್ ಕಪೂರ್ 1948ರಲ್ಲಿ ಕಟ್ಟಿದ ಆರ್.ಕೆ. ಸ್ಟುಡಿಯೋ ಇದ್ದದ್ದು ಇಲ್ಲೇ. 1973ರ ಅವರ 'ಬಾಬಿ' ಚಿತ್ರದಲ್ಲಿ ರಿಷಿ ಕಪೂರ್, ಡಿಂಪಲ್ ಕಪಾಡಿಯಾ ಏರಿ ಹೋದ ಪುಟ್ಟ ಬೈಕು ರಾಜ್‌ದೂತ್ ಜಿಟಿಎಸ್ 175. ಎಂಜಿನ್ನು ದೊಡ್ಡ ರಾಜ್‌ದೂತಿನದೇ, 173 ಸಿಸಿ ಟೂ ಸ್ಟ್ರೋಕ್, ಮೂರು ಗೇರು, ಚಕ್ರಗಳು ಮಾತ್ರ ಚಿಕ್ಕವು. ಆ ಬೈಕಿಗೆ ದೇಶವೆಲ್ಲ 'ಬಾಬಿ' ಎಂದೇ ಹೆಸರಾಯಿತು. ರಾಜ್‌ದೂತಿನ ಮೂಲ ಪೋಲೆಂಡಿನ ಎಸ್‌ಎಚ್‌ಎಲ್. ಅಂದರೆ ಶೀತಲ ಸಮರದ ಕಾಲದ ನಮ್ಮ ಎರಡು ಜನಪ್ರಿಯ ಟೂ ಸ್ಟ್ರೋಕ್ ಬೈಕುಗಳೂ ಪೂರ್ವ ಯುರೋಪಿನವು. 2017ರ ಸೆಪ್ಟೆಂಬರಿನಲ್ಲಿ ಸ್ಟುಡಿಯೋಗೆ ಬೆಂಕಿ ಬಿತ್ತು. 2019ರಲ್ಲಿ ಜಾಗವನ್ನು ಗೋದ್ರೆಜ್ ಪ್ರಾಪರ್ಟೀಸ್ ಕೊಂಡಿತು.

ಮೈಸೂರಿನ ಕಾರ್ಖಾನೆ ಅದಕ್ಕೂ ಮೊದಲೇ, 1996ರಲ್ಲಿ ಮುಚ್ಚಿತ್ತು. ಜಪಾನೀ ಪೈಪೋಟಿ, ಕಂಪನಿಯ ಹಣಕಾಸಿನ ತೊಂದರೆ, ಬಿಗಿಯಾಗುತ್ತಿದ್ದ ಹೊಗೆಯ ನಿಯಮಗಳು ಎಲ್ಲ ಸೇರಿದವು. ಒಳಗೆ ಬಂದ ಪೆಟ್ರೋಲಿನ ಒಂದು ಪಾಲು ಸುಡದೆಯೇ ಹೊರಗೆ ಹೋಗುವುದು ಈ ಎಂಜಿನ್ನಿನ ಹುಟ್ಟುಗುಣ. ಮಾಹುಲ್‌ನ ರಿಫೈನರಿಗಳ ಗಾಳಿ ಕುಡಿಯುವ ಚೆಂಬೂರಿನವರಾದ ನಾವು ಟೂ ಸ್ಟ್ರೋಕ್ ನಿಂತುಹೋಯಿತೆಂದು ಅಳುವಂತಿಲ್ಲ. ಕೊನೆಯ ವರ್ಷಗಳಲ್ಲಿ ಯೆಜ್ಡಿಗೂ ಸಿಡಿಐ ಬಂದಿತ್ತು. ಆದರೆ ತಡವಾಗಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಫೋರ್ ಸ್ಟ್ರೋಕ್ ಎಂಜಿನ್ನಿನೊಂದಿಗೆ, ಸೆಲ್ಫ್ ಸ್ಟಾರ್ಟಿನೊಂದಿಗೆ ಮರಳಿದವು. ಯೆಜ್ಡಿ ಎಂಬ ಹೆಸರು ಯಾರದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು. ಕಾರ್ಖಾನೆ ಮುಚ್ಚಿದ ಮೇಲೂ ಹೆಸರಿಗೆ ಬೆಲೆ ಇತ್ತು. ಅಲ್ಲಿ ದುಡಿದವರ ಕೈಯ ತಿಳಿವಳಿಕೆಗೆ ಅಂಥ ಬೆಲೆ ಯಾರೂ ಕಟ್ಟಲಿಲ್ಲ.

ಈಗ ಹಳೇ ಗಾಡಿ ಇಟ್ಟುಕೊಂಡವರ ಮುಂದೆ ಎರಡು ಹೊಸ ಪ್ರಶ್ನೆಗಳಿವೆ. ಒಂದು, ಪೆಟ್ರೋಲು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು ಈಗ ಎಲ್ಲೆಡೆ ಬಂದಿದೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಂಬಯಿ ಮಳೆಯಲ್ಲಿ ಟ್ಯಾಂಕು ತುಂಬಿಸಿ ನಿಲ್ಲಿಸಿದ ಗಾಡಿಯ ತಳದಲ್ಲಿ ನೀರು ಬೇರ್ಪಡಬಹುದು. ಮಳೆಗಾಲಕ್ಕೆ ಮುಂಚೆ ಟ್ಯಾಂಕು, ಫ್ಲೋಟ್ ಬಟ್ಟಲು ಎರಡನ್ನೂ ಖಾಲಿ ಮಾಡುವುದು, ಸೀಲು ಮತ್ತು ಪೈಪುಗಳನ್ನು ಎಥನಾಲ್ ತಡೆಯುವ ರಬ್ಬರಿನವಕ್ಕೆ ಬದಲಿಸುವುದು ಈಗಿನ ಕಾಲದ ಮೊದಲ ಉಪಾಯ.

ಎರಡನೆಯದು ಇನ್ನೂ ಕಷ್ಟದ್ದು. 12 ವೋಲ್ಟಿನ ಸಿಡಿಐ ಕಿಟ್ ಹಾಕಿಸಿದರೆ ಜಾವಾ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಹಾಕಿಸಬೇಕೆ? 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ವಾಹನಗಳು ವಿಂಟೇಜ್ ಎಂದು ನೋಂದಣಿಯಾಗಬಹುದು, ಅವುಗಳ ನಂಬರಿನಲ್ಲಿ 'ವಿಎ' ಅಕ್ಷರಗಳಿರುತ್ತವೆ. ಮೊದಲ ರೋಡ್‌ಕಿಂಗ್‌ಗಳಿಗೆ 2028ರಲ್ಲಿ ಐವತ್ತು ತುಂಬುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಬಿಟ್ಟರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಮೂಲ ರೂಪ ಉಳಿಸಿದರೆ ಓಡಿಸಲಾಗದು, ಓಡಿಸಬೇಕಾದರೆ ಬದಲಿಸಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ನಿಂತ ಗಾಡಿಯ ಸೀಲು ಒಣಗುತ್ತದೆ, ಓಡಿದ ಗಾಡಿಯದು ಒಣಗುವುದಿಲ್ಲ. ಇದು ಯಂತ್ರಕ್ಕೆ ಎಷ್ಟು ನಿಜವೋ ಅದನ್ನು ಬಲ್ಲವರ ತಿಳಿವಳಿಕೆಗೂ ಅಷ್ಟೇ ನಿಜ. ಪಾಯಿಂಟಿನ ಸೆಟ್ಟು, ಕಾಯಿಲು, ಡೈನಮೊ ಬಿಚ್ಚಿ ಎಸೆಯದೆ ಎಣ್ಣೆ ಸವರಿ ಡಬ್ಬದಲ್ಲಿ ಇಟ್ಟುಕೊಂಡು, ಸಿಡಿಐ ಹಾಕಿಸಿ, ಗಾಡಿಯನ್ನು ವಾರಕ್ಕೊಮ್ಮೆಯಾದರೂ ಓಡಿಸುವುದು ಸರಿ. ಬೇಕೆಂದಾಗ ಮೊದಲಿನಂತೆ ಮಾಡಬಹುದು. ಅದಕ್ಕೆ ಮುಂಚೆ ಒಂದು ಭಾನುವಾರ ಕುಂದಾಪುರದ ಆ ಮೆಕ್ಯಾನಿಕ್ಕಿನಂಥವರ ಪಕ್ಕದಲ್ಲಿ ಕೂತು, 0.4 ಮಿಲಿಮೀಟರಿನ ಪಾಯಿಂಟು ಹೊಂದಿಸುವುದನ್ನು ಕಲಿತುಕೊಳ್ಳಬೇಕು. ನಮ್ಮ ಮನೆಯ ಹುಡುಗರಿಗೂ ಕಲಿಸಬೇಕು. ಅವರು ಮುಂದೆ ವಿದ್ಯುತ್ ಬೈಕನ್ನೇ ಓಡಿಸುತ್ತಾರೆ, ಓಡಿಸಲಿ. ಮೈಸೂರಿನಲ್ಲಿ ತಯಾರಾದ ಯಂತ್ರವೊಂದು ಹೇಗೆ ಉಸಿರಾಡುತ್ತಿತ್ತು ಎಂಬುದು ಅವರ ಕೈಗಳಿಗೆ ಗೊತ್ತಿದ್ದರೆ ನಷ್ಟವೇನಿಲ್ಲ.